ವಾರಗಿತ್ತಿ ಕಲಸಿದ ನೀರು

ಅವಳನ್ನು ಈ ಕೆಲಸಕ್ಕೆ ಕೈಹಿಡಿದು ಕರೆತಂದವಳೇ ದೊಡ್ಡಕ್ಕ. ಈ ಮಾತನ್ನು ದೊಡ್ಡಕ್ಕ ದಿನಕ್ಕೊಂದು ಸಲವಾದರೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು, ಹೇಳಿಕೊಂಡಾಗಲೆಲ್ಲ ಹಲ್ಲು ಕಡಿಯುತ್ತಿದ್ದಳು. ಮೈದುನನ ಹೆಂಡತಿ, ಹೊಸದಾಗಿ ಮದುವೆಯಾಗಿ ಬಂದವಳು, ಮಹಡಿ ಮೇಲೆ ಒಬ್ಬಳೇ ಕೂತು ಬೇಜಾರು ಮಾಡಿಕೊಳ್ಳುತ್ತಾಳಲ್ಲ, ಪಾಪ, ಅಂತ ಮರುಗಿ, ಪ್ರಯೋಗಾಲಯದ ಮೇಡಂ ಮುಂದೆ ಹಲ್ಲು ಗಿಂಜಿ, “ನನ್ನ ವಾರಗಿತ್ತಿ ಮೇಡಂ, ಕೈ ಚುರುಕು, ಬಾಯಿ ಕಮ್ಮಿ” ಎಂದು ಶಿಫಾರಸು ಮಾಡಿ ಸೇರಿಸಿದ್ದಳು. ಪುಟ್ಟ ಆಳು, ಸಣ್ಣ ದನಿ. ಸೇರಿದ ವಾರದಲ್ಲೇ ಎಲ್ಲರೂ ಅವಳನ್ನು ಗುಬ್ಬಿ ಎಂದು ಕರೆಯತೊಡಗಿದರು. ದೊಡ್ಡಕ್ಕನೂ ನಕ್ಕು ಹಾಗೇ ಕರೆದಳು. ಈಗ ನೋಡಿದರೆ ಆ ಗುಬ್ಬಿ ಅವಳ ತಲೆ ಮೇಲೇ ಗೂಡು ಕಟ್ಟಿತ್ತು.

ಅಲ್ಲಿ ನಡೆಯುತ್ತಿದ್ದ ಕೆಲಸ ಹೇಳಲು ಸುಲಭ, ಮಾಡಲು ತಲೆನೋವು. ಪಿತ್ತಜನಕಾಂಗ ಕೆಟ್ಟವರ ರಕ್ತದಲ್ಲಿ ಹಳದಿ ಕಲ್ಮಶ ತುಂಬಿಕೊಳ್ಳುತ್ತದೆ. ಕಣ್ಣು ಹಳದಿ, ಚರ್ಮ ಹಳದಿ, ಮೈಯೆಲ್ಲ ನವೆ. ಮಾಮೂಲಿ ಸೋಸುವ ಯಂತ್ರಕ್ಕೆ ಅದು ಜಗ್ಗುವುದಿಲ್ಲ. ಆ ಹಳದಿಯನ್ನು ಒಡೆದು ಹಾಕುವ ಒಂದು ಕಿಣ್ವವೇನೋ ಇದೆ. ಆದರೆ ಅದನ್ನು ನೇರವಾಗಿ ರಕ್ತಕ್ಕೆ ಬಿಟ್ಟರೆ ಮೈ ಅದನ್ನು ಶತ್ರುವೆಂದು ತಿಳಿದು ತಿರುಗಿಬೀಳುತ್ತದೆ, ಉಸಿರೇ ಕಟ್ಟಬಹುದು. ಹಾಗಾಗಿ ಕೂದಲಿಗಿಂತ ತುಸು ದಪ್ಪನೆಯ ಪೊಳ್ಳು ಎಳೆಗಳನ್ನು ನೂರಾರು ಸೇರಿಸಿ ಕಟ್ಟು ಮಾಡಿ, ಪಾರದರ್ಶಕ ಕೊಳವೆಯೊಳಗೆ ಕೂರಿಸಿ, ಎಳೆಗಳ ಒಳಗೋಡೆಗೆ ಆ ಕಿಣ್ವವನ್ನು ಕಟ್ಟಿಹಾಕಬೇಕು. ರಕ್ತ ಒಂದು ಕಡೆಯಿಂದ ಹೋಗಿ ಹಳದಿ ಕಳೆದುಕೊಂಡು ಇನ್ನೊಂದು ಕಡೆಯಿಂದ ಬರುತ್ತದೆ. ಕಿಣ್ವ ಮಾತ್ರ ಕೂತಲ್ಲೇ ಕೂತಿರಬೇಕು.

ಕಟ್ಟುವುದು ಹೇಗೆ? ಮೊದಲು ಒಂದು ರಾಸಾಯನಿಕ ಹರಿಸಿ ಎಳೆಯ ಗೋಡೆ ತುಂಬ ಕೊಕ್ಕೆ ಎಬ್ಬಿಸುವುದು. ಆಮೇಲೆ ಬಫರಿನಲ್ಲಿ, ಅಂದರೆ ಹುಳಿ ಹೆಚ್ಚುಕಮ್ಮಿಯಾಗದಂತೆ ಉಪ್ಪು ಕಲಸಿದ ನೀರಿನಲ್ಲಿ, ಕಿಣ್ವ ಕರಗಿಸಿ ಹರಿಸುವುದು. ಕೊಕ್ಕೆಗೆ ಸಿಕ್ಕಿದ ಕಿಣ್ವ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಹಿಂದೆಲ್ಲ ಕೊನೆಗೆ ಗಟ್ಟಿ ಉಪ್ಪುನೀರಲ್ಲಿ ತೊಳೆದು ನೋಡುತ್ತಿದ್ದರು. ಯಾವತ್ತೂ ಏನೂ ಕಿತ್ತು ಬರದ ಕಾರಣ, ಸುಮ್ಮನೆ ಒಂದು ದಿನ ದಂಡ ಎಂದು ಮೇಡಂ ಅದನ್ನು ಕೈಬಿಟ್ಟು ಬರೀ ನೀರಿನ ತೊಳೆತ ಉಳಿಸಿಕೊಂಡಿದ್ದರು.

ಇದನ್ನೆಲ್ಲ ಗುಬ್ಬಿಗೆ ಕಲಿಸಿದ್ದೂ ದೊಡ್ಡಕ್ಕನೇ. ಮೊದಲ ದಿನದ ಮೊದಲ ಪಾಠವೇ ಎಚ್ಚರಿಕೆಯದು. “ನೋಡೇ, ಕೊಕ್ಕೆ ಎಬ್ಬಿಸಿದ ಮೇಲೆ ಟ್ರಿಸ್ ಅನ್ನೋ ಉಪ್ಪು ಈ ಮೇಜಿನ ಹತ್ರಾನೂ ಸುಳೀಬಾರದು. ಅಳತೆ ಕೋಣೇಲಿ ಅದನ್ನ ಬಳಸ್ತಾರೆ, ಅಲ್ಲಿ ಪರವಾಗಿಲ್ಲ. ಇಲ್ಲಿ ಬಂದ್ರೆ, ಬಸ್ಸಲ್ಲಿ ಸೀಟಿಗೆಲ್ಲ ಕರ್ಚೀಫ್ ಹಾಕಿ ಹಿಡಿದಿಟ್ಟ ಹಾಗೆ, ಕೊಕ್ಕೆನೆಲ್ಲ ತಾನೇ ಹಿಡ್ಕೊಂಡು ಕೂತ್ಬಿಡುತ್ತೆ. ಆಮೇಲೆ ಎಂಜೈಮು ನಿಂತ್ಕೊಂಡೇ ಪ್ರಯಾಣ.” ಗುಬ್ಬಿ ಕಣ್ಣರಳಿಸಿ, “ಎಷ್ಟು ಚೆನ್ನಾಗಿ ಹೇಳ್ತೀರ ಅಕ್ಕಾ!” ಎಂದಿದ್ದಳು. ಆಗ ದೊಡ್ಡಕ್ಕನಿಗೆ ಅವಳ ಮೇಲೆ ಎಷ್ಟು ಪ್ರೀತಿ ಬಂದಿತ್ತೆಂದರೆ ಆ ಸಂಜೆ ಅವಳ ಚೀಲವನ್ನೂ ತಾನೇ ಹೊತ್ತು ಮನೆಗೆ ನಡೆದಿದ್ದಳು.

ಆ ಪ್ರೀತಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಕೂತು ಹುಳಿಯಾಯಿತು. ವರ್ಷ ತುಂಬುವಷ್ಟರಲ್ಲಿ ಗುಬ್ಬಿಯ ಕೈಯಲ್ಲಿ ಎಳೆ ತುಂಡಾಗುವುದೇ ಇಲ್ಲ ಎಂದಾಯಿತು. ಬೆಳಿಗ್ಗೆ ಎಲ್ಲರಿಗೂ ಬಫರ್ ಕಲಸುವ ಕೆಲಸ ಅವಳದಾಯಿತು, “ಗುಬ್ಬಿ ಕಲಸಿದ್ದಾ? ಹಾಗಾದ್ರೆ ಅಳೆದು ನೋಡೋದೇ ಬೇಡ ಬಿಡಿ” ಎನ್ನುವ ಮಾತೂ ಶುರುವಾಯಿತು. ದೊಡ್ಡಕ್ಕ ಬಫರ್ ಕಲಸುತ್ತಿದ್ದ ಕಾಲದಲ್ಲಿ ಎಲ್ಲರೂ ಅಳೆದೇ ನೋಡುತ್ತಿದ್ದರು, ಅದೂ ಎರಡೆರಡು ಸಲ. ಅವಳಿಗೆ ಅದು ಮರೆತಿರಲಿಲ್ಲ.

ಮನೆಗೆ ಬಂದರೆ ಅಲ್ಲೂ ನೆಮ್ಮದಿಯಿಲ್ಲ. ಕೆಳಗೆ ದೊಡ್ಡಕ್ಕನ ಸಂಸಾರ, ಮೇಲೆ ಗುಬ್ಬಿಯದು, ನಡುವೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ. ಹೋಗುವವರು ಬರುವವರು ಎಲ್ಲ ಆ ಕುರ್ಚಿ ದಾಟಿಯೇ ಹೋಗಬೇಕು. ದೊಡ್ಡಕ್ಕ ಚಪ್ಪಲಿ ಬಿಡುವುದನ್ನೇ ಕಾದಿದ್ದವರಂತೆ ಅತ್ತೆ, “ಚಿಕ್ಕೋಳ ಕೈಯಲ್ಲಿ ಏನೋ ಇದೆ ಬಿಡು. ಮುಟ್ಟಿದ್ದೆಲ್ಲ ಚಿನ್ನ” ಎನ್ನುವರು. “ಹೌದತ್ತೆ” ಎನ್ನುವಳು ದೊಡ್ಡಕ್ಕ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಧಡಧಡ ಜೋಡಿಸುವಳು. ಗಂಡ ಪೇಪರಿನಿಂದ ಕಣ್ಣೆತ್ತದೆ, “ನಿಂಗ್ಯಾಕೆ ಹೊಟ್ಟೆಕಿಚ್ಚು? ಮನೆಗೆ ತಾನೆ ಒಳ್ಳೆ ಹೆಸರು?” ಎಂದರೆ, “ಹೊಟ್ಟೆಕಿಚ್ಚಂತೆ! ನಂಗೆ? ಅವಳ ಮೇಲೆ?” ಎಂದು ಇನ್ನೊಂದು ಪಾತ್ರೆ ಕುಕ್ಕುವಳು. ಪಾತ್ರೆಗಳಿಗೆ ಬಾಯಿದ್ದಿದ್ದರೆ ಉತ್ತರ ಅವೇ ಹೇಳುತ್ತಿದ್ದವು.

ಹೀಗಿರುವಾಗ ಮೇಡಂ ಒಂದು ಬೆಳಿಗ್ಗೆ ಇಬ್ಬರನ್ನೂ ಕರೆದರು. ಪಕ್ಕದ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಎಳೆಕಟ್ಟು ಹಾಕಲು ಒಪ್ಪಿಗೆ ಸಿಕ್ಕಿತ್ತು. ರೋಗಿ ಒಬ್ಬ ದರ್ಜಿ. ಹಳದಿ ಕಣ್ಣಿನ ಆ ಮನುಷ್ಯ ಪರೀಕ್ಷೆಗೆ ರಕ್ತ ಕೊಡಲು ಬಂದಾಗಲೆಲ್ಲ ಇವರ ಕಾರಿಡಾರಿಗೂ ಬಂದು ಹರಟೆ ಹೊಡೆದು ಹೋಗುವವನು. ದೊಡ್ಡಕ್ಕನ ಬಿಳಿ ಕೋಟಿನ ಹರಿದ ಜೇಬನ್ನು ನಿಂತಲ್ಲೇ ಹೊಲಿದುಕೊಟ್ಟಿದ್ದ. “ಇಬ್ಬರೂ ಒಂದೊಂದು ಕಟ್ಟು ಮಾಡಿ. ಯಾರದ್ದು ಹಳದಿ ಚೆನ್ನಾಗಿ ತೆಗೆಯುತ್ತೋ ಅದು ಅವನಿಗೆ ಹೋಗುತ್ತೆ. ಹೊಸ ಕಟ್ಟಡದಲ್ಲಿ ಎಳೆ ಕಟ್ಟೋದಕ್ಕೇ ಒಂದು ಕೋಣೆ ಆಗ್ತಿದೆ, ಅದರ ಉಸ್ತುವಾರೀನೂ ಅವರಿಗೇ” ಎಂದರು ಮೇಡಂ. ಆ ಕೋಣೆಗಾಗಿ ದೊಡ್ಡಕ್ಕ ಎಷ್ಟು ಕಾಲದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದಳು! ಈಗ ಅದನ್ನು ಗುಬ್ಬಿಯ ಜೊತೆ ಪೈಪೋಟಿ ಮಾಡಿ ಗಿಟ್ಟಿಸಿಕೊಳ್ಳಬೇಕು. ಅವಮಾನದಿಂದ ಅವಳ ಕಿವಿ ಬಿಸಿಯಾಯಿತು.

ಅಭ್ಯಾಸಕ್ಕೆಂದು ಮಾಡಿದ ಕಟ್ಟುಗಳಲ್ಲಿ ಪ್ರತಿ ಸಲವೂ ಗುಬ್ಬಿಯದೇ ಒಂದು ಕೈ ಮೇಲು. ದೊಡ್ಡಕ್ಕನಿಗೆ ತಲೆಕೆಟ್ಟು ಹೋಯಿತು. ತನ್ನ ಕೈಯಲ್ಲೇ ಕಲಿತವಳು ತನಗಿಂತ ಚೆನ್ನಾಗಿ ಮಾಡುವುದೆಂದರೇನು? ಏನೋ ಕಿತಾಪತಿ ಇರಬೇಕು. ಎಲ್ಲರ ಬಫರನ್ನೂ ಕಲಸುವವಳು ಅವಳು. ತನ್ನ ಪಾಲಿನದಕ್ಕೆ ಏನಾದರೂ ಹೆಚ್ಚುಕಮ್ಮಿ ಮಾಡುತ್ತಿದ್ದರೆ? ಹೀಗೊಂದು ಅನುಮಾನ ಹೊಕ್ಕಿದ್ದೇ ತಡ, ಅದು ಸತ್ಯವೇ ಆಗಿಬಿಟ್ಟಿತು. “ಇನ್ನು ಅವಳು ಕಲಸಿದ ನೀರು ನಾನು ಮುಟ್ಟಲ್ಲ” ಎಂದು ನಿರ್ಧರಿಸಿದಳು. ತಾನೇ ಕಲಸೋಣವೆಂದರೆ ಉಪ್ಪಿನ ಡಬ್ಬಿ ಗುಬ್ಬಿಯ ಮೇಜಿನ ಮೇಲೆ. ಅವಳ ಹತ್ತಿರ ಹೋಗಿ “ಸ್ವಲ್ಪ ಡಬ್ಬಿ ಕೊಡು” ಎಂದು ಕೈಚಾಚುವುದೇ? ಪ್ರಾಣ ಹೋದರೂ ಇಲ್ಲ. ಅಳತೆ ಕೋಣೆಯ ಕಪಾಟಿನಲ್ಲಿ ‘ಬಫರ್’ ಎಂದು ಚೀಟಿ ಅಂಟಿಸಿದ ದೊಡ್ಡ ಬಾಟಲಿಯಿತ್ತು. ಹುಳಿ ಅಳೆಯುವ ಕಾಗದದ ಚೂರು ಅದ್ದಿ ನೋಡಿದಳು. ಬೇಕಾದ ಬಣ್ಣವೇ ಬಂತು. ಬಾಟಲಿಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ತನ್ನ ಮೇಜಿಗೆ ತಂದಳು.

ಆ ಬಾಟಲಿಯಲ್ಲಿ ತಂದ ಬಫರಿನಲ್ಲಿ ಮಾಡಿದ ಪೈಪೋಟಿಯ ಕಟ್ಟು ಏನು ಕೆಲಸ ಮಾಡಿತು ಅಂತೀರಿ! ಪರೀಕ್ಷೆಯ ಹಳದಿ ದ್ರವ ಒಳಗೆ ಹೋಗಿದ್ದೇ ತಡ, ಆಚೆ ತುದಿಯಿಂದ ನೀರಿನಷ್ಟು ತಿಳಿಯಾಗಿ ಬಂತು. ಗುಬ್ಬಿಯದು ಎರಡನೆಯದಾಯಿತು. ಮೇಡಂ ದೊಡ್ಡಕ್ಕನ ಬೆನ್ನು ತಟ್ಟಿದರು. ಸೋಮವಾರ ದರ್ಜಿಗೆ ಇವಳದೇ ಕಟ್ಟು, ಹೊಸ ಕೋಣೆಯೂ ಇವಳದೇ ಎಂದರು. ಗುಬ್ಬಿ ಮುಂದೆ ಬಂದು, “ಒಳ್ಳೇದಾಯ್ತು ಅಕ್ಕಾ” ಎಂದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಮುಖ ಬಾಡಿಲ್ಲ. ದೊಡ್ಡಕ್ಕ ಗೆದ್ದ ಖುಷಿಯನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಲು ಹೊರಟರೆ ಅದಕ್ಕೆ ರುಚಿಯೇ ಇರಲಿಲ್ಲ.

ಸಂಜೆ ಮೆಟ್ಟಿಲ ಬುಡದಲ್ಲಿ ಸುದ್ದಿ ಹೇಳಿದಳು. ಅತ್ತೆ, “ಪಾಪ, ಹಿರಿಯೋಳು ಅಂತ ಚಿಕ್ಕೋಳೇ ಬಿಟ್ಟುಕೊಟ್ಟಿರಬೇಕು” ಎಂದರು.

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ. ಬಿಟ್ಟುಕೊಟ್ಟಳಂತೆ! ಭಿಕ್ಷೆ ಹಾಕಿದಳಂತೆ! ಇಷ್ಟು ದಿನ ಗುಬ್ಬಿಯ ಕಟ್ಟುಗಳು ಚೆನ್ನಾಗಿ ಕಾಣುತ್ತಿದ್ದುದೇ ಮೋಸ, ಅವುಗಳಲ್ಲಿ ಕಿಣ್ವ ಗಟ್ಟಿಯಾಗಿ ಕೂತೇ ಇರಲಿಕ್ಕಿಲ್ಲ ಎಂದು ದೊಡ್ಡಕ್ಕನಿಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಅದನ್ನು ತೋರಿಸಿಬಿಟ್ಟರೆ ಅತ್ತೆಯ ಬಾಯೂ ಮುಚ್ಚುತ್ತದೆ, ಊರಿನ ಬಾಯೂ ಮುಚ್ಚುತ್ತದೆ. ಹಳೆಯ ಉಪ್ಪುನೀರಿನ ತೊಳೆತ ನೆನಪಾಯಿತು.

ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಕೆಳಗಿಳಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡಳು. ಪ್ರತಿ ಕಟ್ಟಿನ ಜೊತೆಗೂ ಅದೇ ಕಿಣ್ವ, ಅದೇ ಬಫರಿನಲ್ಲಿ ಬೆರಳುದ್ದದ ಒಂದು ಮಾದರಿ ಕಟ್ಟನ್ನೂ ಮಾಡಿ ಫ್ರಿಜ್ಜಿನಲ್ಲಿ ಇಡುವುದು ಅಲ್ಲಿಯ ಪದ್ಧತಿ. ಗುಬ್ಬಿಯ ಮಾದರಿಯನ್ನು ತೆಗೆದಳು. ಒಂದನ್ನೇ ತೊಳೆದರೆ ನಾಳೆ ಯಾರಾದರೂ ಪಕ್ಷಪಾತ ಅಂದಾರು, ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ಮುಖಕ್ಕೆ ಹೊಡೆದಂತೆ ಇರುತ್ತದೆ ಎಂದುಕೊಂಡು ತನ್ನ ಮಾದರಿಯನ್ನೂ ತೆಗೆದಳು. ಎರಡರೊಳಗೂ ಗಟ್ಟಿ ಉಪ್ಪುನೀರು ಹರಿಸಿ, ತೊಳೆದು ಬಂದ ನೀರನ್ನು ಎರಡು ಗಾಜಿನ ಬಟ್ಟಲಿಗೆ ಹಿಡಿದಳು. ಎರಡಕ್ಕೂ ಹಳದಿ ದ್ರವ ಬೆರೆಸಿದಳು. ಕಿಣ್ವ ಕಿತ್ತು ಬಂದಿದ್ದರೆ ಬಟ್ಟಲಿನಲ್ಲೇ ಹಳದಿ ಮಾಯವಾಗುತ್ತದೆ. ಕಿತ್ತು ಬರದಿದ್ದರೆ ಹಳದಿ ಹಳದಿಯಾಗೇ ಇರುತ್ತದೆ.

ಗುಬ್ಬಿಯ ಬಟ್ಟಲನ್ನೇ ದುರುಗುಟ್ಟಿ ನೋಡುತ್ತ ಕೂತಳು. ಹಳದಿ. ಇನ್ನೂ ಹಳದಿ. “ಆಗು, ಆಗು” ಎಂದು ಗೊಣಗಿದಳು. ಅದು ಸೊಪ್ಪು ಹಾಕಲಿಲ್ಲ. ಬೇಸತ್ತು ಪಕ್ಕಕ್ಕೆ ಕಣ್ಣು ಹಾಯಿಸಿದರೆ, ತನ್ನ ಬಟ್ಟಲು ಹಳದಿ ಬಿಟ್ಟು ತಿಳಿ ಹಸಿರಿಗೆ ತಿರುಗುತ್ತಿತ್ತು. ಹಸಿರೂ ತೆಳ್ಳಗಾಯಿತು. ನೋಡನೋಡುತ್ತಲೇ ಬಟ್ಟಲ ತಳದ ಗೀಟು ಕಾಣುವಷ್ಟು ತಿಳಿಯಾಯಿತು.

ಬಟ್ಟಲು ಅದಲುಬದಲಾಯಿತೇ ಎಂದು ನೋಡಿದಳು. ಇಲ್ಲ. ಮತ್ತೆ ತೊಳೆದಳು, ಮತ್ತೆ ಬೆರೆಸಿದಳು. ಮತ್ತೆ ಅದೇ. ಆಗ ಕಣ್ಣು ತಾನಾಗಿ ಮೇಜಿನ ಕೆಳಗಿನ ಬಾಟಲಿಯ ಮೇಲೆ ಬಿತ್ತು. ಅಳತೆ ಕೋಣೆಯ ಬಾಟಲಿ. ಅಳತೆ ಕೋಣೆಯಲ್ಲಿ ಬಳಸುವ ಉಪ್ಪು ಯಾವುದು? ತಾನೇ ಪಾಠ ಹೇಳಿದ ಟ್ರಿಸ್. ಕಾಗದದ ಬಣ್ಣ ನೋಡಿದ್ದಳೇ ಹೊರತು ಒಳಗೇನಿದೆ ಎಂದು ಯೋಚಿಸಿರಲಿಲ್ಲ. ಗುಬ್ಬಿಯದಲ್ಲ ಎನ್ನುವುದೊಂದೇ ಅವಳಿಗೆ ಬೇಕಾಗಿತ್ತು. ಕೊಕ್ಕೆಗಳ ಮೇಲೆಲ್ಲ ಟ್ರಿಸ್ ಕೂತಿತ್ತು. ಜಾಗ ಸಿಗದ ಕಿಣ್ವ ಸುಮ್ಮನೆ ಗೋಡೆಗೆ ಒರಗಿ ನಿಂತಿತ್ತು. ಕಟ್ಟಿಲ್ಲದ್ದು ಕೈಕಾಲು ಆರಾಮಾಗಿ ಆಡಿಸುತ್ತದೆ, ಅದಕ್ಕೇ ಅಷ್ಟು ಚುರುಕು. ಬರೀ ನೀರಿಗೆ ಅದು ಅಲ್ಲಾಡಿರಲಿಲ್ಲ, ಉಪ್ಪು ಸೋಕಿದ್ದೇ ಹೊರಟುಬಿಟ್ಟಿತು. ರಕ್ತವೂ ಉಪ್ಪೇ ತಾನೆ?

ಆಗಲೇ ಬಾಗಿಲು ಕಿರ್ರೆಂದಿತು. ದರ್ಜಿ ಇಣುಕಿದ. “ಊಟಕ್ಕೂ ಹೋಗ್ದೆ ನನ್ನ ಕೆಲಸಾನೇ ಮಾಡ್ತಿದ್ದೀರಾ ದೊಡ್ಡಕ್ಕಾ?” ಹಳದಿ ಕಣ್ಣುಗಳನ್ನು ಕಿರಿದು ಮಾಡಿ ನಕ್ಕ. ಮೊಣಕೈ ಕೆರೆದುಕೊಳ್ಳುತ್ತಲೇ ಇದ್ದ. “ನಿಮ್ಮದೂ ಎಳೆ ಕೆಲಸ, ನಂದೂ ಎಳೆ ಕೆಲಸ. ಒಂದೇ ಮಾತು ಕೇಳ್ತೀನಿ. ಕಚ್ಚಾ ಹೊಲಿಗೆ ಹಾಕಿ ಕಳಿಸ್ಬೇಡಿ ಮತ್ತೆ! ಪಕ್ಕಾ ಹೊಲಿಗೆ ತಾನೆ?”

“ಪಕ್ಕಾ” ಎಂದಳು ದೊಡ್ಡಕ್ಕ.

“ಹಾಗಾದ್ರೆ ಸೋಮವಾರ ಸಿಗೋಣ” ಎಂದು ಹೋದ.

ಎರಡು ಬಟ್ಟಲನ್ನೂ ಸಿಂಕಿಗೆ ಸುರಿದುಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಕೋಣೆ ತನ್ನದು, ಹೆಸರು ತನ್ನದು. ಅವನಿಗೆ ಏನೂ ಆಗದೆಯೂ ಇರಬಹುದು. ಏನಾದರೂ ಆದರೆ, ರೋಗ ಹಳೆಯದು ಎಂದುಕೊಳ್ಳುತ್ತಾರೆ. ಹೇಳಿದರೆ? ಗುಬ್ಬಿಯ ಕಟ್ಟು ಹೋಗುತ್ತದೆ, ಗುಬ್ಬಿಗೆ ಕೋಣೆ, ಮೆಟ್ಟಿಲ ಬುಡದಲ್ಲಿ ಅತ್ತೆಯ ಆ ನಗು. ಕೈ ಬಟ್ಟಲಿನತ್ತ ಹೋಯಿತು. ಹೋಗುವ ದಾರಿಯಲ್ಲಿ ಕೋಟಿನ ಜೇಬು ತಗುಲಿತು. ಹರಿದಿದ್ದ ಕಡೆ ಒತ್ತೊತ್ತಾಗಿ ಹಾಕಿದ ಹೊಲಿಗೆ, ಎಳೆದರೂ ಬಿಚ್ಚುವಂಥದ್ದಲ್ಲ. “ಥೂ ನನ್ನ ಜನ್ಮಕ್ಕೆ” ಎಂದು ಅವಳು ಸ್ಟೂಲಿನ ಮೇಲೆ ಕುಸಿದಳು.

ಗುಬ್ಬಿ ಒಳಗೆ ಬಂದದ್ದು ಆಗಲೇ. ಎರಡು ಬಟ್ಟಲು ನೋಡಿದಳು, ಉಪ್ಪಿನ ಪಾತ್ರೆ ನೋಡಿದಳು. ಇದೇನು ಎಂದು ಕೇಳಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

“ಯಾವಾಗ ಗೊತ್ತಾಯ್ತು ಅಕ್ಕಾ?” ಎಂದಳು.

ದೊಡ್ಡಕ್ಕ ನಿಧಾನವಾಗಿ ತಲೆಯೆತ್ತಿದಳು. “ಯಾವಾಗ ಗೊತ್ತಾಯ್ತು ಅಂದ್ರೆ? ನಿಂಗೆ ಮೊದಲೇ ಗೊತ್ತಿತ್ತಾ?”

“ಬಾಟಲಿ ಸೆರಗಲ್ಲಿ ಮುಚ್ಕೊಂಡು ಬಂದಾಗ ನೋಡಿದ್ದೆ.”

“ಮತ್ತೆ ಬಾಯಿಗೇನು ಬೀಗ ಹಾಕಿತ್ತಾ? ಕೊಕ್ಕೆ ಹಿಡ್ಕೊಳ್ಳುತ್ತೆ ಅಂತ ನಿಂಗೆ ಗೊತ್ತಿಲ್ವಾ? ನಾನೇ ಹೇಳಿಕೊಟ್ಟಿದ್ದೆ!”

“ನಾನು ಕಲಸಿದ್ದನ್ನ ಕಂಡ್ರೆ ಮುಖ ಸಿಂಡರಿಸ್ಕೊಂಡು ಹೋದ್ರಲ್ಲ, ಹೋಗ್ಲಿ, ಅನುಭವಿಸ್ಲಿ ಅಂತ ಸುಮ್ನಿದ್ದೆ.” ಆ ಸಣ್ಣ ದನಿ ಈಗ ಗೋಡೆಗೆ ತಾಕುವಂತಿತ್ತು. “ನಿಮ್ಮ ಕಟ್ಟು ಸೋಲುತ್ತೆ ಅಂದ್ಕೊಂಡಿದ್ದೆ. ಗೆದ್ದೇಬಿಡ್ತು. ಆಮೇಲೆ ಹೇಳಿದ್ರೆ, ಸೋತವಳು ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂತಾರೆ. ನಿಜವಾಗ್ಲೂ ಹೊಟ್ಟೆಕಿಚ್ಚೇ ಇತ್ತಲ್ಲ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಅಕ್ಕಾ.”

“ನಿಂಗೆ ಹೊಟ್ಟೆಕಿಚ್ಚಾ? ನನ್ನ ಮೇಲೆ? ಯಾತಕ್ಕೆ?”

“ಯಾತಕ್ಕೆ ಅಂತ ಕೇಳ್ತೀರಾ! ದಿನಾ ಮೆಟ್ಟಿಲು ಹತ್ತೋವಾಗ ಅತ್ತೆ ಹಿಡ್ಕೊಂಡು ಹೇಳೋದು ಅದನ್ನೇ. ದೊಡ್ಡೋಳು ನೋಡು, ಮನೇನೂ ತೂಗಿಸ್ತಾಳೆ, ಕೆಲಸಾನೂ ತೂಗಿಸ್ತಾಳೆ, ಅವಳ ಕಾಲಿನ ಧೂಳಿಗೂ ನೀನು ಸಮ ಇಲ್ಲ ಅಂತ.”

ದೊಡ್ಡಕ್ಕ ಸ್ಟೂಲನ್ನು ಅವಳತ್ತ ಎಳೆದುಕೊಂಡಳು. “ನಂಗೆ ಹೇಳೋದು, ಚಿಕ್ಕೋಳು ಮುಟ್ಟಿದ್ದೆಲ್ಲ ಚಿನ್ನ ಅಂತ.”

“ನನ್ನನ್ನಾ?”

“ಹೂಂ, ನಿನ್ನನ್ನೇ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ದಿನವಾಗಿದ್ದರೆ ಬಿದ್ದುಬಿದ್ದು ನಗಬಹುದಿತ್ತು. ನಡುವೆ ಆ ತಿಳಿನೀರಿನ ಬಟ್ಟಲು ಇತ್ತಲ್ಲ, ನಗು ಬರಲಿಲ್ಲ. ಒಂದು ಮಾತು ಮಾತ್ರ ನಿಜ: ತನ್ನೊಳಗೆ ಉರಿಯುತ್ತಿದ್ದುದೇ ಆ ಪುಟ್ಟ ಮೈಯೊಳಗೂ ಉರಿಯುತ್ತಿತ್ತು ಎಂದು ತಿಳಿದಾಗ ದೊಡ್ಡಕ್ಕನಿಗೆ, ನಾಚಿಕೆಯಾಗಬೇಕಾದ ಹೊತ್ತಿನಲ್ಲಿ, ಎದೆ ಹಗುರಾಯಿತು. ಎದ್ದು ಎರಡು ಬಟ್ಟಲನ್ನೂ ತಟ್ಟೆಯಲ್ಲಿಟ್ಟುಕೊಂಡು ಮೇಡಂ ಕೋಣೆಗೆ ಹೊರಟಳು. ಗುಬ್ಬಿ ಬಾಟಲಿ ಎತ್ತಿಕೊಂಡು ಹಿಂದೆ ಓಡಿದಳು.

“ತಪ್ಪು ನಂದು ಮೇಡಂ” ಎಂದಳು ದೊಡ್ಡಕ್ಕ, ತಟ್ಟೆಯನ್ನು ಮೇಜಿನ ಮೇಲಿಟ್ಟು.

“ಇಲ್ಲ ಮೇಡಂ, ನಂದು. ನೋಡಿಯೂ ಸುಮ್ನಿದ್ದೆ. ನಂದೇ ದೊಡ್ಡ ತಪ್ಪು.”

ದೊಡ್ಡಕ್ಕ ಸರಕ್ಕನೆ ತಿರುಗಿದಳು. “ಇದನ್ನೂ ಕಿತ್ಕೋತೀಯಾ? ತಪ್ಪಾದ್ರೂ ನಂಗೆ ಬಿಡೇ!”

ಮೇಡಂ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. ಕನ್ನಡಕ ತೆಗೆದಿಟ್ಟು ತಿಳಿಯಾದ ಬಟ್ಟಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೂಗಾಡಿದ್ದರೆ ಚೆನ್ನಾಗಿತ್ತು. “ಇದು ಸೋಮವಾರ ಅವನ ಮೈಯೊಳಗೆ ಇರ್ತಿತ್ತು” ಎಂದರು ಅಷ್ಟೇ. ಆಮೇಲೆ, “ಉಪ್ಪಿನ ತೊಳೆತ ಬಿಟ್ಟಿದ್ದು ನನ್ನ ತಪ್ಪು. ಅದು ಇವತ್ತಿಂದ ಮತ್ತೆ ಶುರು. ಗುಬ್ಬಿ ಕಟ್ಟನ್ನ ಮೂರು ಸಲ ತೊಳೆದು ತೋರಿಸಿ, ನಿಂತ್ರೆ ಅದೇ ಹೋಗುತ್ತೆ. ಹೊಸ ಕೋಣೆ ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ನೀವಿಬ್ರೂ ಒಂದೇ ಮೇಜು, ಒಂದೇ ಬಾಟಲಿ” ಎಂದರು. ಕೋಣೆ ಇಬ್ಬರ ಕೈಯಿಂದಲೂ ಜಾರಿತ್ತು. ಇಬ್ಬರೂ ತಲೆ ತಗ್ಗಿಸಿ ಹೊರಬಂದರು.

ಗುಬ್ಬಿಯ ಕಟ್ಟು ನಿಂತಿತು. ಸೋಮವಾರ ಆಸ್ಪತ್ರೆಯಲ್ಲಿ ದರ್ಜಿಯ ರಕ್ತ ಅದರೊಳಗೆ ಹರಿಯುವುದನ್ನು ದೊಡ್ಡಕ್ಕ ಗಾಜಿನ ಆಚೆ ನಿಂತು ನೋಡಿದಳು. ಅವನು ಇವಳನ್ನು ಕಂಡು, ಮಲಗಿದಲ್ಲಿಂದಲೇ ಸೂಜಿ ಹಿಡಿದು ಹೊಲಿಯುವಂತೆ ಕೈಯಾಡಿಸಿ ನಕ್ಕ. ಅವನಿಗೆ ಅದು ಯಾರ ಕಟ್ಟೆಂದು ಗೊತ್ತಿರಲಿಲ್ಲ. ಇವಳು ಪಕ್ಕದಲ್ಲಿದ್ದ ಗುಬ್ಬಿಯನ್ನು ತೋರಿಸಿದಳು, ಅವಳದು ಎಂದು. ತೋರಿಸುವಾಗ ಬೆರಳು ಭಾರವಾಗಿತ್ತು, ನಿಜ.

ಸಂಜೆ ಕುರ್ಚಿಯಿಂದ ಅತ್ತೆ ಕೇಳಿದರು: “ಕೊನೆಗೆ ಯಾರದ್ದು ಹಾಕಿದ್ರಂತೆ?”

“ನಿಮ್ಮ ಚಿಕ್ಕ ಸೊಸೇದು.”

“ನಂಗೆ ಗೊತ್ತಿತ್ತು ಬಿಡು, ಅವಳ ಕೈಯಲ್ಲಿ...”

“ಗೊತ್ತತ್ತೆ” ಎಂದಳು ದೊಡ್ಡಕ್ಕ. “ನನ್ನ ಕಾಲಿನ ಧೂಳಿನ ವಿಷಯ ಅವಳು ಮೆಟ್ಟಿಲು ಹತ್ತೋವಾಗ ಹೇಳುವಿರಂತೆ, ಈಗ ಬರ್ತಾಳೆ.” ಅತ್ತೆ ಆ ದಿನ ಮೊದಲ ಸಲ ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ದೊಡ್ಡಕ್ಕ ಖಾಲಿ ಬೀಕರು ಹಿಡಿದು ಗುಬ್ಬಿಯ ಮುಂದೆ ನಿಂತಳು. “ಹಾಕು ಸ್ವಲ್ಪ.”

“ಏನನ್ನ ಅಕ್ಕಾ?”

“ನೀನು ಕಲಸಿದ್ದನ್ನ. ಬಾಯಿಬಿಟ್ಟು ಹೇಳಿಸ್ಬೇಕಾ?”

ಗುಬ್ಬಿ ಬಗ್ಗಿಸಿದಳು. ದೊಡ್ಡಕ್ಕ ಅವಳ ಕಣ್ಣೆದುರೇ ಜೇಬಿನಿಂದ ಕಾಗದದ ಚೂರು ತೆಗೆದು ಬೀಕರಿಗೆ ಅದ್ದಿದಳು. ಗುಬ್ಬಿ ಸುಮ್ಮನೆ ಕೈಕಟ್ಟಿ ನಿಂತಳು. ಕಾಗದ ಬಣ್ಣ ತಿರುಗಿತು. ಒಂದು ಕೂದಲಿನಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸರಿಯಾಗಿಯೇ ಇತ್ತು. ದೊಡ್ಡಕ್ಕನಿಗೆ ಅದಕ್ಕೂ ಹೊಟ್ಟೆ ಉರಿಯಿತು.